ಕೋಡಿಯ ಸದ್ದು ತಗ್ಗಿದ ಬೆಳಿಗ್ಗೆ

ಹೊಸನೀರಿಗೆ ಒಂದು ವಾಸನೆಯಿದೆ. ಕಾಡಿನೊಳಗೆ ಎಲ್ಲೋ ಸುರಿದ ಮಳೆ ಬೇಸಿಗೆಯ ಬೆಂಕಿಯ ಬೂದಿಯನ್ನೂ ಆನೆಯ ಲದ್ದಿಯನ್ನೂ ಕೊಳೆತ ಬಿದಿರೆಲೆಯನ್ನೂ ಬೇರುಸಮೇತ ಕಿತ್ತ ಲಂಟಾನದ ಘಾಟನ್ನೂ ಕಲಸಿಕೊಂಡು ಹಳ್ಳಕ್ಕೆ ಇಳಿದಾಗ ಏಳುವ ವಾಸನೆ ಅದು. ಹೋದ ಮಳೆಗಾಲದಲ್ಲಿ ಪುಣಜನೂರಿನ ಕಡೆಯಿಂದ ಚಾಮರಾಜನಗರಕ್ಕೆ ಬರುತ್ತಿದ್ದಾಗ ಹಳ್ಳವೊಂದು ರಸ್ತೆಯ ಮೇಲೆ ಹರಿದು ನಮ್ಮ ಬಸ್ಸು ನಿಂತಿತು. ಕಂಡಕ್ಟರು ಇಳಿದರು, ಹುಡುಗರು ಫೋನು ಹಿಡಿದು ಇಳಿದರು, ಕೊನೆಗೆ ಮಕ್ಕಳನ್ನು ಎತ್ತಿಕೊಂಡ ಹೆಂಗಸರೂ ಇಳಿದು ಕೆಂಪು ನೀರನ್ನು ನೋಡುತ್ತ ನಿಂತರು. ನಾನು ಮಾತ್ರ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡು ಕೂತೇ ಇದ್ದೆ. ಕಿಟಕಿಯಿಂದ ಆ ವಾಸನೆ ಒಳಗೆ ಬಂದದ್ದೇ ತಡ, ಕೂದಲು ನರೆತ ಈ ವಯಸ್ಸಿನಲ್ಲೂ ನನ್ನ ಅಂಗೈ ಚಿಕ್ಕ ಹುಡುಗಿಯ ಅಂಗೈಯಂತೆ ಬೆವರಿತು. ನಿಮಗೂ ಇಂಥದೊಂದು ವಾಸನೆ ಇರಬಹುದು. ಅದು ಬಂದಾಗ ಇಲ್ಲದ ಮನೆಯೊಂದು ಎದ್ದು ನಿಲ್ಲುತ್ತದೆ, ಸತ್ತವರೆಲ್ಲ ತಂತಮ್ಮ ಜಾಗದಲ್ಲಿ ಕೂತಿರುತ್ತಾರೆ, ಆಗಬಾರದ್ದು ಇನ್ನೂ ಆಗಿರುವುದಿಲ್ಲ; ಆದರೆ ಆಗಿಯೇ ತೀರುತ್ತದೆ ಎಂದು ಅವರಲ್ಲಿ ನಮಗೊಬ್ಬರಿಗೆ ಮಾತ್ರ ಗೊತ್ತಿರುತ್ತದೆ.

ನಮ್ಮೂರು ಹಂಗಳದಿಂದ ಒಳಗೆ, ಬೆಟ್ಟದ ಸೆರಗಿನಲ್ಲಿ. ಊರೊಳಗಿನ ಮನೆ ಇಕ್ಕಟ್ಟಾಯಿತೆಂದು ತಾತ ಕೆರೆಯ ಏರಿಯ ತುದಿಯಲ್ಲಿ, ಕೋಡಿಯ ಕೆಳಗೆ, ನಾಡಹೆಂಚಿನ ಮನೆ ಕಟ್ಟಿಸಿದ್ದರಂತೆ. ಕೋಡಿ ಎಂದರೆ ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಯನ್ನು ಕೊರೆಯದೆ ಹೊರಬೀಳಲೆಂದು ಕಟ್ಟಿದ ಕಲ್ಲಿನ ಗೋಡೆ. ನಮ್ಮೂರ ಕೋಡಿಯ ನೆತ್ತಿ ಒಂದು ಎತ್ತಿನಗಾಡಿ ದಾಟುವಷ್ಟು ಅಗಲವಿತ್ತು. ಆಚೆಕಡೆಯ ಹೊಲಗಳಿಗೆ ಹೋಗುವವರೆಲ್ಲ ಅದರ ಮೇಲೆಯೇ ನಡೆಯುತ್ತಿದ್ದರು. ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ನಾನು, ಮತ್ತು ಗುಂಡ್ಲುಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ, ಮದುವೆಯಾಗದ ಚಿಕ್ಕಪ್ಪ. ಅಟ್ಟದ ಮೇಲೆ ಬೇಯಿಸಿ ಒಣಗಿಸಿದ ಅರಿಸಿನ, ಜಗಲಿಯ ಮೂಲೆಯಲ್ಲಿ ಸಣ್ಣ ಈರುಳ್ಳಿಯ ರಾಶಿ, ದೇವರ ಗೂಡಿನಲ್ಲಿ ವಿಭೂತಿ, ಇವು ಮೂರೂ ಸೇರಿ ಆದ ಕಮಟು ನಮ್ಮ ಬಟ್ಟೆಯಲ್ಲೆಲ್ಲ ಇರುತ್ತಿತ್ತು. ಮನೆಯವನಲ್ಲದಿದ್ದರೂ ಮನೆಯವನಂತೆ ಇದ್ದವನು ಸಿದ್ದರಾಜ. ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ, ನಮ್ಮ ಜಗಲಿಯ ಮೇಲೆ ಉಣ್ಣುತ್ತಿದ್ದ. ಊರಿನ ಅರ್ಧ ಮಕ್ಕಳ ಸೊಂಟಕ್ಕೆ ಹಗ್ಗ ಕಟ್ಟಿ ಬಾವಿಯಲ್ಲಿ ಈಜು ಕಲಿಸಿದವನು ಅವನೇ. ಅವನ ಹೆಂಡತಿ ಚಿಕ್ಕತಾಯಿ, ನೀಳ ಮೂಗಿನ, ಮಾತು ಕಡಿಮೆಯ ಹೆಂಗಸು, ಅವ್ವನ ಜೊತೆ ಚೆಂಡುಹೂವು ಬಿಡಿಸಲು ಬರುತ್ತಿದ್ದಳು.

ನಾನು ಹುಟ್ಟಿದ ಮೇಲೆ ಕೆರೆ ಒಮ್ಮೆಯೂ ತುಂಬಿರಲಿಲ್ಲ. ನನ್ನ ಪಾಲಿಗೆ ಕೋಡಿ ಎಂದರೆ ಜೋಳ ಒಣಹಾಕುವ ಬಿಸಿ ಕಲ್ಲು, ಅದರ ಬುಡದ ಗುಂಡಿ ಎಂದರೆ ಬೇಲಿಗಿಡ ಬೆಳೆದ ತಗ್ಗು. ಆದರೂ ಅಜ್ಜಿ ಆ ತಗ್ಗಿಗೆ ನಮ್ಮನ್ನು ಇಳಿಯಗೊಡುತ್ತಿರಲಿಲ್ಲ. ಅವರು ಮದುವೆಯಾಗಿ ಬಂದ ಹೊಸದರಲ್ಲಿ ಕೋಡಿ ಬಿದ್ದು, ದಾಟಲು ಹೋದ ಯಾರದೋ ಎತ್ತು ಜಾರಿ ಗುಂಡಿಗೆ ಬಿದ್ದಿತ್ತಂತೆ. ಅದು ಹರಿದು ಹೋಗಲೂ ಇಲ್ಲ, ದಡಕ್ಕೆ ಬರಲೂ ಇಲ್ಲ. ಗೋಡೆಯ ಬುಡದಲ್ಲೇ ಮುಳುಗಿತು, ಎದ್ದಿತು, ಮತ್ತೆ ಗೋಡೆಯ ಕಡೆಗೇ ಹೋಯಿತು, ಮುಳುಗಿತು. ಕೊಂಬು ಕಾಣುತ್ತದೆ, ಕೊಂಬು ಹೋಗುತ್ತದೆ. ಜನ ದಡದಲ್ಲಿ ನಿಂತು ನೋಡುತ್ತಲೇ ಇದ್ದರಂತೆ. ಅದು ಸತ್ತ ಮೇಲೂ ಸುತ್ತುತ್ತಲೇ ಇತ್ತಂತೆ. ಅಜ್ಜಿ ಇದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದರು. "ಅಲ್ಲೊಂದು ಅದ ಕಣ ಕೂಸ," ಎನ್ನುತ್ತಿದ್ದರು. "ಇಡ್ಕಂಡ್ರ ಬುಡಾಕಿಲ್ಲ ಅದು." ಏನು ಇದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಒಣಗಿ ಬಿದ್ದ ಆ ಗುಂಡಿಯ ಪಕ್ಕ ಹಾಯುವಾಗಲೂ ನಾನು ಅವ್ವನ ಸೆರಗು ಹಿಡಿದುಕೊಳ್ಳುತ್ತಿದ್ದೆ.

ಚಿಕ್ಕಪ್ಪನಿಗೆ ಅಜ್ಜಿಯ ಈ ಮಾತು ಹಿಡಿಸುತ್ತಿರಲಿಲ್ಲ. ಮಗುವಿನ ತಲೆಗೆ ಏನೇನೋ ತುಂಬಬೇಡ ಎಂದು ಬೇಸರ ಮಾಡಿಕೊಳ್ಳುತ್ತಿದ್ದರು. ಒಂದು ಭಾನುವಾರ ಪಂಪಿನ ನೀರು ಬಿಟ್ಟಿದ್ದಾಗ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಕಾಲುವೆಗೆ ಅಡ್ಡಲಾಗಿ ಒಂದು ಹಲಗೆ ನೆಟ್ಟು, ಅದರ ಮೇಲಿಂದ ನೀರು ಬೀಳುವಂತೆ ಮಾಡಿದರು. ಸಿದ್ದರಾಜ ಗುದ್ದಲಿ ಊರಿಕೊಂಡು ನೋಡುತ್ತಿದ್ದ. ಚಿಕ್ಕಪ್ಪ ಒಣಗಿದ ಜೋಳದ ದಂಟಿನ ತುಂಡೊಂದನ್ನು ಹಲಗೆಯ ಕೆಳಗೆ, ನೀರು ಬೀಳುವ ಜಾಗದಲ್ಲಿ ಹಾಕಿದರು. ತೇಲಿಕೊಂಡು ಹೋಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಅದು ಹಿಂದಕ್ಕೆ, ಹಲಗೆಯ ಕಡೆಗೆ ಬಂದಿತು, ಬೀಳುವ ನೀರಿನಡಿ ಸಿಕ್ಕಿ ಮುಳುಗಿತು, ಒಂದು ಗೇಣು ಆಚೆ ಎದ್ದಿತು, ಮತ್ತೆ ಹಿಂದಕ್ಕೆ ಬಂದಿತು. ಆಮೇಲೆ ಅವರು ಇಟ್ಟಿಗೆಯ ಚೂರೊಂದನ್ನು ಹಾಕಿದರು. ಅದು ತಳಕ್ಕೆ ಹೋಗಿ, ತಳದಲ್ಲೇ ಉರುಳುತ್ತ ದೂರ ಹೋಯಿತು. ಮೇಲಿಂದ ಬಿದ್ದ ನೀರು ತಳಕ್ಕೆ ಹೋಗಿ ತಳದಿಂದಲೇ ಮುಂದಕ್ಕೆ ಓಡುತ್ತದೆ, ಅದು ಬಿಟ್ಟುಹೋದ ಜಾಗ ತುಂಬಲು ಮೇಲಿನ ನೀರು ಗೋಡೆಯ ಕಡೆಗೆ ಹಿಂದಿರುಗುತ್ತದೆ, ಹಾಗಾಗಿ ತೇಲುವುದು ಸಿಕ್ಕಿಬೀಳುತ್ತದೆ, ಮುಳುಗಿದ್ದು ಪಾರಾಗುತ್ತದೆ ಎಂದು ಚಿಕ್ಕಪ್ಪ ಬಿಡಿಸಿ ಹೇಳಿದರು. ಅಲ್ಲಿ ದೆವ್ವವೂ ಇಲ್ಲ, ಭೂತವೂ ಇಲ್ಲ, ಇಷ್ಟೇ ಎಂದರು.

"ಹಂಗಾರ ಬಿದ್ದವ್ನು ಮೇಕ್ಕ ಬರ್ಬಾರ್ದಾ ಮೇಷ್ಟ್ರೇ?" ಎಂದು ಸಿದ್ದರಾಜ ಕೇಳಿದ.

"ಬರ್ಬಾರ್ದು. ಉಸ್ರು ಕಟ್ಟಿ ಕೆಳಕ್ಕ ಓಗ್ಬೇಕು. ತಳ ಮುಟ್ಟುದ್ರ ನೀರೇ ಆಚೆಗ ತಳ್ತದ."

ಸಿದ್ದರಾಜ ನಕ್ಕ. "ಮುಳುಗ್ತಾ ಇರವ್ನ್ಗ ಇನ್ನೂ ಮುಳುಗು ಅಂದ್ರ ಕೇಳನ?" ಎಂದು ಗುದ್ದಲಿ ಎತ್ತಿಕೊಂಡ. ಆದರೂ ಹೋಗುವ ಮೊದಲು ಇನ್ನೊಂದು ಇಟ್ಟಿಗೆ ಚೂರು ಹಾಕಿ, ಅದು ಉರುಳಿ ಹೋಗುವುದನ್ನು ಬಗ್ಗಿ ನೋಡಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಚಿಕ್ಕಪ್ಪ ನನ್ನ ಹೆದರಿಕೆ ಕಳೆಯಲೆಂದೇ ಇದನ್ನೆಲ್ಲ ತೋರಿಸಿದ್ದರು. ಆದದ್ದು ಬೇರೆ. ಅಜ್ಜಿಯ ಕತೆಯಲ್ಲಿನ ಭೂತಕ್ಕಾದರೆ ಪೂಜೆ ಮಾಡಬಹುದಿತ್ತು, ಕಾಯಿ ಒಡೆಯಬಹುದಿತ್ತು, ಬೇಡಿಕೊಳ್ಳಬಹುದಿತ್ತು. ಚಿಕ್ಕಪ್ಪ ತೋರಿಸಿದ ನೀರಿಗೆ ಕಿವಿಯೇ ಇರಲಿಲ್ಲ. ಅದು ಯಾರ ಮೇಲೂ ಸಿಟ್ಟಿಲ್ಲದೆ, ಜೋಳದ ದಂಟನ್ನು ಸುತ್ತಿಸಿದಂತೆಯೇ ಎತ್ತನ್ನೂ ಸುತ್ತಿಸುತ್ತದೆ, ಮನುಷ್ಯರನ್ನೂ ಸುತ್ತಿಸುತ್ತದೆ. ಆವತ್ತಿನಿಂದ ನನ್ನ ಭಯಕ್ಕೆ ಒಂದು ಆಕಾರ ಬಂತು. ಚಿಕ್ಕಪ್ಪ ಇನ್ನೂ ಒಂದು ಮಾತು ಹೇಳಿದ್ದರು. ಕೋಡಿ ಭೋರ್ಗರೆಯುವಾಗ ಜನ ಹೆದರುತ್ತಾರೆ. ಆದರೆ ಗುಂಡಿಯ ನೀರು ಮೇಲೇರಿ ಗೋಡೆಯ ಅರ್ಧಕ್ಕೆ ಬಂದಾಗ ಬೀಳುವ ಎತ್ತರ ಕಡಿಮೆಯಾಗಿ ಸದ್ದು ತಗ್ಗುತ್ತದೆ, ನೋಡಲು ಸಾಧುವಾಗಿ ಕಾಣುತ್ತದೆ, ಹಿಡಿದುಕೊಳ್ಳುವ ಸುಳಿ ಗಟ್ಟಿಯಾಗುವುದು ಆಗಲೇ ಎಂದು.

ಮಾರನೆಯ ವರ್ಷವೇ ಮಳೆ ಹಿಡಿಯಿತು. ಬೆಟ್ಟದ ಮೇಲೆ ಮೋಡ ಕೂತದ್ದು ಏಳಲೇ ಇಲ್ಲ. ದಿನಾ ಬೆಳಿಗ್ಗೆ ಊರಿನವರು ಏರಿಯ ಮೇಲೆ ಹೋಗಿ ನೀರು ಯಾವ ಕಲ್ಲಿಗೆ ಬಂತು ಎಂದು ನೋಡಿ ಬರುತ್ತಿದ್ದರು. ಕೊನೆಗೊಂದು ದಿನ ಕೋಡಿಯ ನೆತ್ತಿಯ ಮೇಲೆ ನೀರು ಬೆರಳಿನಷ್ಟು ತೆಳುವಾಗಿ, ಗಾಜಿನ ಹಾಗೆ ಬಾಗಿ, ಕೆಳಕ್ಕೆ ಇಳಿಯಿತು. ಊರೆಲ್ಲ ಸೇರಿ ಗಂಗೆ ಪೂಜೆ ಮಾಡಿದರು. ಮುತ್ತೈದೆಯರು ಬಾಗಿನ ಬಿಟ್ಟರು. ಅವ್ವನೂ ಚಿಕ್ಕತಾಯಿಯೂ ಹೊಸ ಬಳೆ ತೊಟ್ಟುಕೊಂಡಿದ್ದರು. ಆವತ್ತು ಸಂಜೆಯಿಂದ ನಮ್ಮ ಅಡಿಗೆಮನೆಯ ಗೂಡಿನ ಮೇಲಿದ್ದ ಪಾತ್ರೆಗಳು ತಾವಾಗಿಯೇ ಗುಂಯ್ ಎನ್ನತೊಡಗಿದವು. ಕೈಯಿಟ್ಟರೆ ಗೋಡೆ ನಡುಗುವುದು ತಿಳಿಯುತ್ತಿತ್ತು. ತೆಳು ನೀರಿನ ಪರದೆಯ ಹಿಂದೆ ಗಾಳಿ ಸಿಕ್ಕಿಕೊಂಡು ಪರದೆ ಅದುರುತ್ತದೆ, ಅದರ ಗುಂಯ್‌ಗಾರ ಇದು ಎಂದು ಚಿಕ್ಕಪ್ಪ ಹೇಳಿದರು. ಅದು ಉಸಿರಾಡುತ್ತಿದೆ ಎಂದು ಅಜ್ಜಿ ಹೇಳಿದರು. ನನಗೆ ಎರಡೂ ಒಂದೇ ಮಾತಾಗಿ ಕೇಳಿಸಿತು.

ಆಮೇಲೆ ನೀರು ದಪ್ಪವಾಯಿತು, ಗುಂಯ್‌ಗಾರ ಹೋಗಿ ಭೋರೆಂಬ ಸದ್ದು ಬಂತು. ಮಾತಾಡಬೇಕಾದರೆ ಕಿವಿಯ ಹತ್ತಿರ ಬಾಯಿ ತರಬೇಕಾಗಿತ್ತು. ನೀರಿನ ಎತ್ತರ ಎರಡರಷ್ಟಾದರೆ ಬೀಳುವ ನೀರು ಮೂರರಷ್ಟಕ್ಕೆ ಹತ್ತಿರವಾಗುತ್ತದೆ, ಮೊಳಕಾಲು ಮುಟ್ಟಿದರೆ ಯಾರೂ ದಾಟಬೇಡಿ ಎಂದು ಚಿಕ್ಕಪ್ಪ ಏರಿಯ ಮೇಲೆ ನಿಂತು ಹೇಳಿ ಬಂದರು. ಜನ ಕೇಳಿದರು. ಹೊಲದಲ್ಲಿ ಹೂವು ಅರಳಿ ಬಾಡುತ್ತಿದ್ದರೂ, ಕೇರಳದ ವ್ಯಾಪಾರಿಯ ಲಾರಿ ಬೇಗೂರಿನಲ್ಲಿ ಬಂದು ನಿಂತಿದ್ದರೂ ಯಾರೂ ದಾಟಲಿಲ್ಲ. ಮನೆಯೊಳಗೆ ನಾವೆಲ್ಲ ಕೈಸನ್ನೆಯಲ್ಲೇ ಬದುಕಿದೆವು. ಅಜ್ಜಿ ವಿಭೂತಿ ಇಟ್ಟುಕೊಂಡು ಬಾಗಿಲಿಗೆ ಬೆನ್ನು ಮಾಡಿ ಕೂತಿರುತ್ತಿದ್ದರು.

ಆ ಬೆಳಿಗ್ಗೆ ನನಗೆ ಎಚ್ಚರವಾದಾಗ ಏನೋ ಬದಲಾಗಿದೆ ಅನ್ನಿಸಿತು, ಏನೆಂದು ಗೊತ್ತಾಗಲಿಲ್ಲ. ಹಟ್ಟಿಯಲ್ಲಿ ಕೋಳಿ ಕೂಗಿದ್ದು ಕೇಳಿಸಿತು. ಅವ್ವ ಆಗಲೇ ಹೋಗಿದ್ದಳು. ನೀರು ಇಳಿದಿದೆ, ಕಾಲಿನ ಮೀನಖಂಡದಷ್ಟೂ ಇಲ್ಲ ಎಂದು ಯಾರೋ ಹೇಳಿದ್ದಕ್ಕೆ ನಾಲ್ಕಾರು ಹೆಂಗಸರು ಸೇರಿ ಹೊತ್ತು ಮೂಡುವ ಮೊದಲೇ ದಾಟಿ ಹೂವು ಬಿಡಿಸಲು ಹೋಗಿದ್ದರು. ಮಗುವಿಗೆ ಜ್ವರವಿತ್ತೆಂದು ಚಿಕ್ಕತಾಯಿ ಹೋಗಿರಲಿಲ್ಲ. ಚಿಕ್ಕಪ್ಪ ಜಗಲಿಯ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದರು. ಅಜ್ಜಿ ಒಲೆಯ ಮುಂದಿನಿಂದ, ಮಾದಪ್ಪ ದೊಡ್ಡವನು, ಸದ್ದು ನಿಂತಿತಲ್ಲ ಎಂದರು. ಮಾಮೂಲಿ ದನಿಯಲ್ಲಿ ಅಂದ ಆ ಮಾತು ಜಗಲಿಯವರೆಗೆ ಕೇಳಿಸಿತು. ಚಿಕ್ಕಪ್ಪನ ಕೈ ಕೆನ್ನೆಯ ಮೇಲೆಯೇ ನಿಂತಿತು. ಅವರು ಕೆಳಗಿನ ಹಳ್ಳದ ಕಡೆ ನೋಡಿದರು. ಅಲ್ಲಿ, ರಸ್ತೆಯ ಮೋರಿಗೆ ಕಾಡಿನ ಬಿದಿರು, ಲಂಟಾನದ ಪೊದೆ, ಮರದ ಬೊಡ್ಡೆಗಳೆಲ್ಲ ಬಂದು ಅಡ್ಡ ಸಿಕ್ಕಿಕೊಂಡಿದ್ದವು. ಹಳ್ಳದ ನೀರು ಮುಂದೆ ಹೋಗಲಾರದೆ ಹಿಂದಕ್ಕೆ ತುಂಬಿ ನಮ್ಮ ಹಟ್ಟಿಯ ಬೇಲಿಯನ್ನು ಮುಟ್ಟಿತ್ತು. ಚಿಕ್ಕಪ್ಪ ಸೋಪಿನ ನೊರೆಯ ಮುಖದಲ್ಲೇ ಕೋಡಿಯ ಕಡೆಗೆ ಓಡಿದರು. ದನಕ್ಕೆ ಹುಲ್ಲು ಹಾಕುತ್ತಿದ್ದ ಅಪ್ಪನೂ ಏನೆಂದು ತಿಳಿಯದೆ ಅವರ ಹಿಂದೆ ಓಡಿದರು. ನಾನೂ ಓಡಿದೆ.

ಗುಂಡಿ ತುಂಬಿತ್ತು. ಗೋಡೆಯಲ್ಲಿ ಅರ್ಧಕ್ಕಿಂತ ಮೇಲೆ ನೀರು. ಎಂಟು ದಿನದಿಂದ ಮನೆ ನಡುಗಿಸಿದ್ದ ಕೋಡಿ ಈಗ ನಾಲ್ಕು ಮೆಟ್ಟಿಲು ಇಳಿದಷ್ಟೇ ನಿಧಾನವಾಗಿ, ಹೆಚ್ಚು ಸದ್ದಿಲ್ಲದೆ ಬೀಳುತ್ತಿತ್ತು. ಅದರ ಬುಡದುದ್ದಕ್ಕೂ ಬಿಳಿ ನೊರೆಯ ಒಂದು ಪಟ್ಟಿ, ಮುಂದಕ್ಕೆ ಹೋಗದೆ, ಇದ್ದಲ್ಲೇ ಕುದಿಯುತ್ತಿತ್ತು. ಕೋಡಿಯ ಮೇಲೆ ಹೆಂಗಸರು ಒಬ್ಬರ ಹಿಂದೊಬ್ಬರು, ತಲೆಯ ಮೇಲೆ ಹೂವಿನ ಮಂಕರಿ ಹೊತ್ತು ಈಚೆಗೆ ಬರುತ್ತಿದ್ದರು. ಮುಂದಿನವರು ದಡ ಹತ್ತಿದ್ದರು. ಅವ್ವ ಕೊನೆಯವಳು. ಅವಳು ನನ್ನನ್ನು ನೋಡಿದಳು. ನಕ್ಕಳು ಎಂದು ನನಗೆ ಅನ್ನಿಸುತ್ತದೆ. ಪಾಚಿಯ ಕಲ್ಲಿನ ಮೇಲೆ ಅವಳ ಕಾಲು ಹೋಯಿತು. ಕೂಗು ಕೇಳಿಸಲಿಲ್ಲ. ಮಂಕರಿ ಮಾತ್ರ ಒಂದು ಗಳಿಗೆ ಗಾಳಿಯಲ್ಲಿ ನಿಂತಂತೆ ನಿಂತು, ಮಗುಚಿತು. ಆ ಬಿಳಿ ನೊರೆಯೆಲ್ಲ ಹಳದಿಯಾಯಿತು.

ಹೂವು ಹರಿದು ಹೋಗಲಿಲ್ಲ. ಗೋಡೆಯ ಕಡೆಗೆ ಬಂದವು, ಮುಳುಗಿದವು, ಎದ್ದವು, ಮತ್ತೆ ಗೋಡೆಯ ಕಡೆಗೆ ಬಂದವು. ಅವುಗಳ ನಡುವೆ ಅವ್ವನ ತಲೆ ಎದ್ದಿತು, ಬಾಯಿ ತೆರೆದಿತ್ತು, ಎರಡೂ ಕೈ ಗೋಡೆಯನ್ನು ಹಿಡಿಯಲು ಬಂದವು. ಮೇಲಿನ ನೀರು ಅವಳನ್ನು ಕೆಳಕ್ಕೆ ಒತ್ತಿತು. ಮತ್ತೆ ಸೆರಗು ಕಂಡಿತು. ಮತ್ತೆ ಇಲ್ಲ. ಅಪ್ಪ ಅಂಗಿ ಹರಿದುಕೊಂಡು ಹಾರಲು ಹೊರಟರು. ಚಿಕ್ಕಪ್ಪ ಹಿಂದಿನಿಂದ ಬಂದು ಎರಡೂ ತೋಳಿನಿಂದ ಅವರ ಎದೆಯನ್ನು ಬಳಸಿ ಹಿಡಿದುಕೊಂಡರು. ಅಪ್ಪ ಹೊಲದಲ್ಲಿ ದುಡಿದ ಆಳು. ಚಿಕ್ಕಪ್ಪ ಸೀಮೆಸುಣ್ಣ ಹಿಡಿದ ಕೈಯವರು. ಆದರೂ ಅಪ್ಪನಿಗೆ ಬಿಡಿಸಿಕೊಳ್ಳಲು ಆಗಲಿಲ್ಲ. ಅಪ್ಪ ಅವರ ಕೈಯನ್ನು ಕಚ್ಚಿದರು, ಒದ್ದರು, ಬೈದರು. ಚಿಕ್ಕಪ್ಪ ಒಂದೇ ಸಮನೆ ಅಪ್ಪನ ಕಿವಿಗೆ ಹೇಳುತ್ತಿದ್ದರು: "ಬ್ಯಾಡ ಕಣಣ್ಣ. ಇಬ್ರೂ ಓಯ್ತೀರ. ಅಗ್ಗ ತರ್ಲಿ, ತಡಿ. ಅಗ್ಗ ತರ್ಲಿ."

ಅಷ್ಟರಲ್ಲಿ ನಮ್ಮ ಪಕ್ಕದಿಂದ ಯಾರೋ ದಾಟಿ ಹೋದಂತಾಯಿತು. ಸಿದ್ದರಾಜ. ಅವನು ಓಡಿ ಬಂದ ರಭಸದಲ್ಲೇ ಹಾರಿದ. ಚಿಕ್ಕಪ್ಪ ಅವನ ಹೆಸರು ಹಿಡಿದು ಕೂಗಿದರು. ಆದರೆ ಅವರ ಎರಡೂ ಕೈಗಳಲ್ಲಿ ಅಪ್ಪ ಇದ್ದರು.

ಎಷ್ಟು ಹೊತ್ತಾಯಿತೋ ನನಗೆ ತಿಳಿಯದು. ಹೂವು ಸುತ್ತುತ್ತಿದ್ದವು, ಅವುಗಳ ನಡುವೆ ಯಾರೂ ಏಳಲಿಲ್ಲ. ಆಮೇಲೆ, ನೊರೆಯಿಂದ ತುಂಬ ದೂರದಲ್ಲಿ, ಯಾರೂ ನೋಡದೇ ಇದ್ದ ಕಡೆ, ಹಳ್ಳದ ನಡುವೆ ಅವ್ವನ ಬೆನ್ನು ತೇಲಿತು. ದಡದ ಹೊಂಗೆಮರದ ಬೇರಿನ ಹತ್ತಿರ ಇದ್ದ ಇಬ್ಬರು ಇಳಿದು ಸೆರಗು ಹಿಡಿದು ಎಳೆದರು. ಬೋರಲು ಹಾಕಿ ಒತ್ತಿದಾಗ ಅವಳ ಬಾಯಿಂದ ಕೆಂಪು ನೀರು ಬಂತು, ಆಮೇಲೆ ಅಳು ಬಂತು. ಆ ಅಳುವಿಗಿಂತ ಸುಖದ ಸದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಅಪ್ಪ ಅವಳ ಕಡೆಗೆ ಓಡಿದರು. ನಾನು ತಿರುಗಿ ನೋಡಿದೆ. ಬಿಡುವಾದ ಕೈಗಳನ್ನು ಹಾಗೆಯೇ ಮುಂದಕ್ಕೆ ಚಾಚಿಕೊಂಡು ಚಿಕ್ಕಪ್ಪ ನೊರೆಯನ್ನು ನೋಡುತ್ತಿದ್ದರು. ಹೂವಿನ ನಡುವೆ ಸಿದ್ದರಾಜನ ತಲೆ ಎದ್ದಿತು. ಒಮ್ಮೆ. ಇನ್ನೊಮ್ಮೆ. ಹಗ್ಗ ಬಂತು, ಎಸೆದರು, ಹಗ್ಗವೂ ಸುತ್ತತೊಡಗಿತು. ಮೋರಿಯ ಕಸ ಕೀಳಿ, ನೀರು ಇಳಿದರೆ ಬಿಡುತ್ತದೆ ಎಂದು ಚಿಕ್ಕಪ್ಪ ಅರಚುತ್ತ ಓಡಿದರು. ಗಂಡಸರೆಲ್ಲ ಕೊಡಲಿ ಹಿಡಿದು ಅವರ ಹಿಂದೆ ಓಡಿದರು. ಮಧ್ಯಾಹ್ನದ ಹೊತ್ತಿಗೆ ಮೋರಿ ಬಿಟ್ಟುಕೊಂಡಿತು. ಹಳ್ಳ ಇಳಿಯಿತು, ಕೋಡಿ ಮೊದಲಿನ ಹಾಗೆ ಭೋರ್ಗರೆಯಿತು. ಚಿಕ್ಕಪ್ಪ ಹೇಳಿದಂತೆಯೇ ಅದು ಸಿದ್ದರಾಜನನ್ನು ಬಿಟ್ಟುಕೊಟ್ಟಿತು. ಚಿಕ್ಕತಾಯಿ ಜ್ವರದ ಮಗುವನ್ನು ಸೊಂಟದಲ್ಲಿಟ್ಟುಕೊಂಡು ದಡದಲ್ಲಿ ನಿಂತಿದ್ದಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ.

ಈಜು ಬರುತ್ತದೆಂಬ ಕೊಬ್ಬಿನಿಂದ ಹಾರಿದ, ಹಿಂದೆ ಮುಂದೆ ನೋಡದೆ ಹಾರಿದ ಎಂದು ಊರು ಮಾತಾಡಿತು. ಅವ್ವ ಬದುಕಿದ್ದು ದೈವದ ಪುಣ್ಯ ಎಂದಿತು. ನಮ್ಮ ಮನೆಯೊಳಗೆ ಮಾತು ಬೇರೆ ದಾರಿ ಹಿಡಿಯಿತು, ಅಥವಾ ನಿಂತೇ ಹೋಯಿತು. ಅಪ್ಪ ತಮ್ಮನ ಮುಖ ನೋಡುವುದನ್ನು ಬಿಟ್ಟರು. ಹೆಂಡತಿ ಮುಳುಗುವುದನ್ನು ನಿಂತು ನೋಡುವಂತೆ ಮಾಡಿದ ಎಂಬ ಸಿಟ್ಟು ಮೊದಲು. ಅದರ ಕೆಳಗೆ ಅದಕ್ಕಿಂತ ಆಳದ್ದು ಇನ್ನೊಂದು ಇತ್ತು. ಒಂದು ದಿನ ಅಜ್ಜಿ ಇಬ್ಬರನ್ನೂ ಕೂರಿಸಿ, ಅವನು ಹಿಡಿಯದಿದ್ದರೆ ನೀನೂ ಇರುತ್ತಿರಲಿಲ್ಲವಲ್ಲಪ್ಪ ಎಂದಾಗ ಅಪ್ಪ ಎದ್ದು ನಿಂತು ಹೇಳಿದರು: "ಅದ್ಕೇಯ. ನಾ ಓಗ್ಬೇಕಾದ ಜಾಗ್ಕ ಅವ್ನು ಓದ. ನಾ ಎಂಗವ್ವ ಅವ್ನ ಎಂಡ್ತಿ ಮಕ ನೋಡ್ಲಿ?" ಹೊಲವೊಂದನ್ನು ಚಿಕ್ಕತಾಯಿಗೆ ಬರೆದುಕೊಡಲು ಹೋದರು, ಅವಳು ಬೇಡವೆಂದು, ಮಗಳನ್ನು ಕಟ್ಟಿಕೊಂಡು ಬೇಗೂರಿನ ತವರಿಗೆ ಹೋದಳು. ಮುಂದಿನ ಮಳೆಗಾಲದೊಳಗೆ ನಾವೂ ಊರು ಬಿಟ್ಟೆವು. ಅಪ್ಪ ಚಾಮರಾಜನಗರದಲ್ಲಿ ಮನೆ ಹಿಡಿದರು. ಚಿಕ್ಕಪ್ಪ ವರ್ಗ ಮಾಡಿಸಿಕೊಂಡು ಕೊಳ್ಳೇಗಾಲಕ್ಕೆ ಹೋದರು. ಅಜ್ಜಿ ಎರಡೂ ಕಡೆ ಓಡಾಡುತ್ತ, ಎರಡೂ ಕಡೆ ತಡೆಯಲಾರದೆ, ಕೊನೆಗೆ ನಮ್ಮ ಮನೆಯಲ್ಲಿ ಕಣ್ಣುಮುಚ್ಚಿದರು. ಕೋಡಿಯ ಕೆಳಗಿನ ಮನೆಯ ಹೆಂಚು ಇಳಿಸಿ ಯಾರಿಗೋ ಕೊಟ್ಟರು. ಗೋಡೆಯನ್ನು ಮಳೆ ಕರಗಿಸಿತು. ಅರಿಸಿನ, ಈರುಳ್ಳಿ, ವಿಭೂತಿ ಬೆರೆತ ಆ ಕಮಟನ್ನು ಎಷ್ಟೋ ಮನೆಗಳಲ್ಲಿ ಹುಡುಕಿದ್ದೇನೆ, ಎಲ್ಲೂ ಸಿಕ್ಕಿಲ್ಲ.

ಕಾಲೇಜು ಓದುವಾಗ ನಾನೊಮ್ಮೆ ಅಪ್ಪನಿಗೆ ಹೇಳದೆ ಕೊಳ್ಳೇಗಾಲಕ್ಕೆ ಹೋಗಿ ಚಿಕ್ಕಪ್ಪನನ್ನು ಕಂಡೆ. ಒಂಟಿ ಕೋಣೆ, ಒಂದು ಸ್ಟವ್, ಗೋಡೆಯ ತುಂಬ ಪುಸ್ತಕ. ಅವರ ಮುಂಗೈಯ ಮೇಲೆ ಅಪ್ಪ ಕಚ್ಚಿದ ಗಾಯದ ಕಲೆ ಬೆಳ್ಳಗೆ ಉಳಿದಿತ್ತು. ಅವರೇ ಕಾಫಿ ಮಾಡಿಕೊಟ್ಟು, ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳುವ ಹಾಗೆ, "ನಂಗ ಒಬ್ಬನ್ನೇ ಇಡ್ಕಳಕ ಆದದ್ದು ಕೂಸ," ಎಂದರು. ಆಮೇಲೆ, ಆವತ್ತು ಕಾಲುವೆಯಲ್ಲಿ ಸಿದ್ದರಾಜನಿಗೆ ಅಷ್ಟೆಲ್ಲ ಹೇಳಿದ್ದು ಏನು ಪ್ರಯೋಜನವಾಯಿತು, ಅವನು ಮೇಲಕ್ಕೇ ಎದ್ದನಲ್ಲ ಎಂದರು. ಸುಳಿಯ ಆ ಪಾಠವನ್ನು ಅವರು ಮತ್ತೆ ಯಾವ ತರಗತಿಯಲ್ಲೂ ಮಾಡಲಿಲ್ಲವಂತೆ. ಅವರು ತೀರಿಕೊಂಡಾಗ ಅಪ್ಪ ಹೋದರು, ಮಣ್ಣು ಹಾಕಿದರು, ತಿರುಗಿ ಬಂದರು. ಎರಡು ವರ್ಷ ಕಳೆದು ಅಪ್ಪನೂ ಹೋದರು.

ಅವ್ವ ಮಾತ್ರ ಬಹಳ ಕಾಲ ಬಾಳಿದಳು. ವರ್ಷಕ್ಕೊಂದು ಸಲ ಬೇಗೂರಿಗೆ ಹೋಗಿ ಚಿಕ್ಕತಾಯಿಯನ್ನು ನೋಡಿ ಬರುತ್ತಿದ್ದಳು. ಮಂಡಿ ಹಿಡಿದ ಮೇಲೆ ನನ್ನನ್ನು ಕಳಿಸುತ್ತಿದ್ದಳು. ನಾನು ಹೋದಾಗಲೆಲ್ಲ ಚಿಕ್ಕತಾಯಿ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು, ನಿಮ್ಮವ್ವ ಹೇಗಿದ್ದಾರೆ ಎಂದು. ಬಿಪಿ ಮಾತ್ರೆ ನುಂಗುತ್ತಾರಾ, ಊಟ ಸೇರುತ್ತದಾ ಎಂದು ಬಿಡದೆ ಕೇಳುತ್ತಿದ್ದಳು. ಒಮ್ಮೆ ನಾನು ಬಾಯಿತಪ್ಪಿ ಅವ್ವನಿಗೆ ಬದುಕು ಸಾಕಾಗಿದೆಯಂತೆ ಎಂದುಬಿಟ್ಟೆ. ಚಿಕ್ಕತಾಯಿಯ ಮುಖ ಗಟ್ಟಿಯಾಯಿತು. "ಅಂಗನ್ಬಾರ್ದು ಅಂತ ಏಳವ್ವ," ಎಂದಳು. "ಅವ್ರು ಚೆಂದಾಗಿಲ್ದಿದ್ರ ನಮ್ಮವ್ನು ಓದದ್ಕ ಏನರ್ಥ?" ಆ ಮಾತನ್ನು ನಾನು ಅವ್ವನಿಗೆ ತಲುಪಿಸಿದೆ. ಅವ್ವ ಆವತ್ತಿನಿಂದ ಮಾತ್ರೆ ತಪ್ಪಿಸಲಿಲ್ಲ.

ಕೊನೆಗಾಲದಲ್ಲಿ, ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ, ಒಂದು ಮಧ್ಯಾಹ್ನ ಅವ್ವ ನನ್ನ ಕೈ ಹಿಡಿದುಕೊಂಡು, ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದಳು. "ನೀರೊಳ್ಗ ಯಾರೋ ಸೊಂಟ ಇಡ್ಕಂಡು ಕೆಳಕ್ಕ ಎಳುದ್ರು ಕಣ ಕೂಸ. ನಿಮ್ಮಜ್ಜಿ ಏಳ್ತಿದ್ರಲ್ಲ, ಅದೇಯ ಅನ್ಕಂಡೆ. ಒದ್ದುಬುಟ್ಟೆ. ಎದೆಗೇ ಒದ್ದುಬುಟ್ಟೆ." ಒದ್ದರೂ ಆ ಕೈ ಬಿಡಲಿಲ್ಲವಂತೆ. ಕಾಲಿಗೆ ಕಲ್ಲು ತಾಗುವವರೆಗೂ ಎಳೆದು, ಆಮೇಲೆ ಬಿಟ್ಟಿತಂತೆ. ಬಿಟ್ಟ ಮೇಲೆ ತಳದ ನೀರು ಅವಳನ್ನು ಎಲ್ಲಿಗೋ ದೂಡಿಕೊಂಡು ಹೋಯಿತು. ಅದು ಸಿದ್ದರಾಜನ ಕೈ ಎಂದು ಅವಳಿಗೆ ಹೊಳೆದದ್ದು ಅವನ ಹೆಣ ನೋಡಿದಾಗ. ಅವನು ಚಿಕ್ಕಪ್ಪನ ಮಾತನ್ನು ಮರೆತಿರಲಿಲ್ಲ. ಅವ್ವನನ್ನು ತಳ ಮುಟ್ಟಿಸಿದ್ದ. ಅಷ್ಟರಲ್ಲಿ ಅವನ ಉಸಿರು ಮುಗಿದು ಮೇಲಕ್ಕೆ ಎದ್ದಿದ್ದ. ಇದು ತಿಳಿಯದೆಯೇ ಚಿಕ್ಕಪ್ಪ ಆ ಒಂಟಿ ಕೋಣೆಯಲ್ಲಿ ಸತ್ತುಹೋಗಿದ್ದರು.

ಅವ್ವ ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಹೇಳುವುದು ನನ್ನಿಂದ ಆಗಲಿಲ್ಲ. ಮಣ್ಣಿನ ಕಾರ್ಯ ಮುಗಿಸಿ, ಮಾರನೆಯ ವಾರ ಬೇಗೂರಿನ ಬಸ್ಸು ಹತ್ತಿದೆ. ಹೆದರಿಕೆ ಎಂದರೇನೆಂದು ಚಿಕ್ಕಂದಿನಲ್ಲೇ ತಿಳಿದಿದ್ದೇನೆ ಅಂದುಕೊಂಡಿದ್ದೆ. ಬಸ್‌ಸ್ಟ್ಯಾಂಡಿನಿಂದ ಅವಳ ಮನೆಯ ಬಾಗಿಲವರೆಗಿನ ದಾರಿಯಲ್ಲಿ ಅದು ಸುಳ್ಳೆಂದು ತಿಳಿಯಿತು. ಚಿಕ್ಕತಾಯಿ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕಣ್ಣು ಮಂಜಾಗಿದ್ದರೂ ಗುರುತು ಹಿಡಿದು ಅದೇ ಪ್ರಶ್ನೆ ಕೇಳಿದಳು. ಹೇಳಿದೆ. ಅವಳು ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿದಳು. ಏನಾದರೂ ಹೇಳಿ ಹೋದರಾ ಎಂದು ಕೇಳಿದಳು. ನಾನು ನೀರೊಳಗಿನ ಆ ಕೈಯ ಮಾತು ಹೇಳಿದೆ: ಕೆಳಕ್ಕೆ ಎಳೆದದ್ದು, ತಳ ಮುಟ್ಟಿಸಿದ್ದು, ಬಿಟ್ಟದ್ದು. ಒದ್ದದ್ದನ್ನು ಹೇಳಲಿಲ್ಲ.

"ಅಂಗಾರ ಸುಮ್ಕ ನೀರ್ಗ ಆರ್ಲಿಲ್ಲ ಅವ್ನು," ಎಂದಳು. "ಗೊತ್ತಿತ್ತು ಅವನ್ಗ."

"ಗೊತ್ತಿತ್ತು ಚಿಕ್ಕತಾಯಮ್ಮ."

ಅವಳು ಮೊರವನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದು, ಹಿತ್ತಲಿನ ಬಚ್ಚಲಿಗೆ ಹೋದಳು. ನಮ್ಮವರಲ್ಲಿ ಸೂತಕವಿಲ್ಲ, ಚಿಕ್ಕತಾಯಿಯವರಲ್ಲಿ ರಕ್ತಸಂಬಂಧದವರು ಹೋದ ಸುದ್ದಿ ಕೇಳಿದರೆ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಒಳಗೆ ಅವಳು ಚೊಂಬು ಚೊಂಬಾಗಿ ಸುರಿದುಕೊಳ್ಳುತ್ತಿರುವುದು ಕೇಳಿಸುತ್ತಿತ್ತು. ಬಹಳ ಹೊತ್ತು ಸುರಿದುಕೊಂಡಳು. ಆಮೇಲೆ ಬೇರೆ ಸೀರೆ ಸುತ್ತಿಕೊಂಡು, ಬಿಳಿ ಕೂದಲನ್ನು ಬೆನ್ನ ಮೇಲೆ ಬಿಟ್ಟುಕೊಂಡು ಬಂದು, ನನ್ನ ಮುಂದೊಂದು ತಟ್ಟೆ, ತನ್ನ ಮುಂದೊಂದು ತಟ್ಟೆ ಇಟ್ಟು ಬಡಿಸಿದಳು. ಹೊತ್ತು ಇಳಿಯುತ್ತಿತ್ತು. ಇಬ್ಬರೂ ಜೊತೆಗೆ ಕೂತು ಉಂಡೆವು.